ತೂಕದ ಚೀಟಿ

ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ
ಹಿತ್ತಾಳೆಯ ಲೆಕ್ಕಕ್ಕೆ ತೂಗಿ ಕೊಟ್ಟರು ಈ ಗಡಿಯಾರ:
ಎರಡು ಕಿಲೋ ಏಳುನೂರು.
ತಕ್ಕಡಿಯ ತಟ್ಟೆಗೆ ಹುಡುಗ ಹೆಬ್ಬೆರಳು ಒತ್ತಿದ್ದು ಕಂಡೆ.
ಕಂಡೂ ಸುಮ್ಮನಿದ್ದೆ.
ಸುಮ್ಮನಿರುವುದು ನನಗೆ ರೂಢಿ.

ಸಂಡೂರಿನ ದಾರಿಯಲ್ಲಿ ಲಾರಿ ತೂಗುವ ಕಟ್ಟೆ.
ಇಪ್ಪತ್ತಾರು ವರ್ಷ ಅದರ ಕಿಟಕಿಯೊಳಗೆ ನಾನು, ಎರ್ರಿಸ್ವಾಮಿ.
ಲಾರಿ ಹತ್ತಿದರೆ ಕುರ್ಚಿ ನಡುಗುತ್ತಿತ್ತು,
ಚಹಾದ ಲೋಟದಲ್ಲಿ ಉಂಗುರ ಏಳುತ್ತಿತ್ತು.
ಟನ್ನಿಗಿಂತ ಸಣ್ಣದು ಯಾವುದೂ
ನನ್ನ ಪುಸ್ತಕದ ಗೆರೆ ದಾಟಿ ಒಳಗೆ ಬಂದದ್ದಿಲ್ಲ.

ಈಗ ಅರವತ್ತೆರಡಕ್ಕೆ, ಚಿಮಟದ ತುದಿಯಲ್ಲಿ
ಸಾಸಿವೆಗಿಂತ ಚಿಕ್ಕ ತಿರುಪು.
ಕೈ ನಡುಗಿತು. ಬಿತ್ತು.
ಬೀಳುತ್ತದೆಂದು ಮೊದಲೇ ಗೊತ್ತಿದ್ದವಳಂತೆ
ರಜಿಯಾಬಿ ನೆಲಕ್ಕೆ ಬಿಳಿ ಪಂಚೆ ಹಾಸಿದ್ದಳು.
"ಉಸಿರು ಹಿಡೀಬ್ಯಾಡ್ರಿ ಕಾಕಾ,
ಹಿಡಿದ್ರೆ ಕೈ ಇನ್ನೂ ನಡುಗ್ತೈತೆ."

ಅವಳಿಗೆ ಮೂವತ್ತನಾಲ್ಕು. ಗಫೂರ್ ಮೇಸ್ತ್ರಿಯ ಮಗಳು.
ಬ್ರೂಸ್‌ಪೇಟೆಯಲ್ಲಿ ನಾಲ್ಕು ಮೊಳದ ಅಂಗಡಿ.
ವಾಚಿಗೆ ಬ್ಯಾಟರಿ ಹಾಕಿಸುವವರು ಬಂದರೆ
ನನ್ನನ್ನು ಎಬ್ಬಿಸಿ ಸ್ಟೂಲು ಅವರಿಗೆ ಕೊಡುತ್ತಾಳೆ.
ಬೈಯುವುದು ಒಂದೇ ಬೈಗುಳ:
"ಇದು ಲಾರಿ ಬೋಲ್ಟಲ್ರೀ."

ಮೊದಲ ತಿಂಗಳು ಬರೀ ಒರೆಸುವ ಕೆಲಸ.
ಬಿದಿರುಕಡ್ಡಿ ಚೂಪು ಮಾಡಿ ಪ್ರತಿ ತೂತಿಗೂ ಇಟ್ಟು
ತಿರುಗಿಸಬೇಕು, ಕಡ್ಡಿ ಬಿಳಿಯಾಗಿ ಹೊರಬರುವ ತನಕ.
ಬಿಳಿ ಬರಲಿಲ್ಲ. ಕೆಂಪೇ ಬಂತು, ಬರುತ್ತಲೇ ಇತ್ತು.
ಅದಿರಿನ ಧೂಳು,
ಹಳೆಯ ಎಣ್ಣೆ ಕುಡಿದು ಕುಂಕುಮದ ಹಾಗೆ ಗಟ್ಟಿಯಾಗಿ
ಗಾಲಿ ಗಾಲಿಯ ಹಲ್ಲಿನ ಸಂದಿಯಲ್ಲಿ.
ಯಾರ ಮನೆಯ ಗೋಡೆಯಲ್ಲಿತ್ತೋ ಇದು.
ಆ ಮನೆಯ ಮುಂದೆ ಎಷ್ಟು ಲಾರಿ ಹೋದವೋ,
ಎಷ್ಟರ ಚೀಟಿ ನಾನು ಬರೆದದ್ದೋ.

ಇಪ್ಪತ್ತೆಂಟು ಟನ್ನು ಹೊತ್ತು ಬಂದದ್ದಕ್ಕೆ
ಹದಿನಾರು ಎಂದು ಬರೆದ ಚೀಟಿಗಳು.
ಲಕೋಟೆ ಜನ ಅಂದುಕೊಂಡಷ್ಟು ದಪ್ಪ ಇರಲಿಲ್ಲ.
ಒಂದು ದೀಪಾವಳಿಗೆ ಸ್ಟೀಲಿನ ಡಬ್ಬಿಗಳ ಸೆಟ್ಟು ಬಂತು.
ದೊಡ್ಡದರಲ್ಲಿ ವೀರಮ್ಮ ಈಗಲೂ ತೊಗರಿಬೇಳೆ ಇಡುತ್ತಾಳೆ.
ಎಲ್ಲಕ್ಕಿಂತ ಚಿಕ್ಕದರಲ್ಲಿ ನನ್ನ ತಿರುಪುಗಳಿವೆ.

ಸ್ಪ್ರಿಂಗು ಬಿಚ್ಚಿಕೊಂಡು ಅಂಗೈ ಸೀಳಿತು ಒಮ್ಮೆ.
ಸವೆದ ತೂತುಗಳಿಗೆ ಹೊಸ ಹಿತ್ತಾಳೆ ತುಂಬಿದೆವು;
ಅಂದರೆ ಅವಳು ತುಂಬಿದಳು, ನಾನು ದೀಪ ಹಿಡಿದೆ.
ಅಂತೂ ಶ್ರಾವಣದ ಒಂದು ಮಧ್ಯಾಹ್ನ ಓಡಿತು.
ಓಡಿತು, ಆದರೆ ಕುಂಟುತ್ತಾ:
ಟಿಕ್‌ಟಕ್, ಆಮೇಲೊಂದು ಬಿಡುವು, ಟಿಕ್‌ಟಕ್.
ಅವಳು ಕಣ್ಣು ಮುಚ್ಚಿ ಕೇಳಿದಳು.
"ಗಡಿಯಾರ ಚಲೋ ಐತೆ. ನಿಂತಿದ್ದು ಸೊಟ್ಟ.
ಕೆಳಗ ಎಡಕ್ಕ ತಳ್ರಿ, ಎಳ್ಳಷ್ಟು."
ಎಳ್ಳಷ್ಟು ತಳ್ಳಿದೆ.
ಬಿಡುವು ಎರಡೂ ಕಡೆಗೆ ಹಂಚಿಹೋಯಿತು.
ಲಾರಿಯೊಂದು ತೂಗುಕಟ್ಟೆ ಇಳಿದು ಹೋದ ಮೇಲೆ
ಮುಳ್ಳು ಸೊನ್ನೆಗೆ ಬಂದು ನಿಲ್ಲುವ ಗಳಿಗೆ ಒಂದಿತ್ತು,
ಆ ಕೆಲಸದಲ್ಲಿ ನನಗೆ ಇಷ್ಟವಾದದ್ದು ಅದೊಂದೇ.
ಹಾಗಿತ್ತು.

ಮನೆಗೆ ಒಯ್ದು ದಿನಾ ನೋಡಿ ಬರ್ರಿ ಅಂದಳು.
ಬೆಳಗಿನ ರೇಡಿಯೋ ಸದ್ದಿಗೆ ಹೋಲಿಸಿ ನೋಡಿದೆ ಏಳು ದಿನ.
ಎಂಟನೆಯ ದಿನ ಹೋದಾಗ
ಶಟರಿನ ತಗಡು ಬಿಸಿಲಿಗೆ ಚಟಚಟ ಅನ್ನುತ್ತಿತ್ತು.

"ದಿನಕ್ಕ ಎಷ್ಟು ಹಿಂದ ಬೀಳ್ತೈತ್ರಿ?"

"ಎರಡು ನಿಮಿಷ," ಅಂದೆ.
ಯಾಕೆ ಅಂದೆನೋ. ಯಾರೂ ಲಕೋಟೆ ಕೊಟ್ಟಿರಲಿಲ್ಲ.

ಅವಳು ಪೆನ್ನಿನ ಮುಚ್ಚಳ ತೆಗೆದು
ನಾನು ಹೇಳಿದ್ದನ್ನು ಹಾಗೇ ನಂಬಿ
ಅಪ್ಪನ ಕಾಲದ ಉದ್ದನೆಯ ಪುಸ್ತಕದಲ್ಲಿ
ಎರಡು ಎಂದು ಬರೆದಳು.
ಕಿಟಕಿಯ ಈ ಕಡೆಗೆ ನಿಂತು
ಬರೆಯುವ ಕೈಯನ್ನು ನಾನು ನೋಡಿರಲೇ ಇಲ್ಲ.

"ಒಂಬತ್ತು," ಅಂದೆ. "ಒಂಬತ್ತು ನಿಮಿಷ."

ತಲೆ ಎತ್ತಲಿಲ್ಲ ಅವಳು.
ಎರಡರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಒಂಬತ್ತು ಬರೆದಳು.
"ಗುಂಡು ಮೇಲಕ್ಕ ಏರಿಸ್ರಿ. ಕೆಳಗಿನ ನಟ್ಟು ಮೂರು ಸುತ್ತು.
ನಾಳಿ ಮತ್ತ ನೋಡಾಣ."

ಅಷ್ಟರಲ್ಲಿ ಬ್ಯಾಟರಿಯವರು ಯಾರೋ ಬಂದರು.
ಎದ್ದು ಸ್ಟೂಲು ಕೊಟ್ಟೆ.